ಕರ್ನಲ್ ಡೀಬಗ್ ಮಾಡುವಾಗ ಕನ್ಸೋಲ್‌ಗೆ ಸುರಕ್ಷಿತವಾಗಿ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಟಿಂಗ್ ಸಿಸ್ಟಮ್ ಪಾಠದ ಭಾಗವಾಗಿ ಎಕ್ಸ್‌ವಿ6 ಕರ್ನಲ್ಲನ್ನು ತಿದ್ದುತ್ತಿರುವ ವಿದ್ಯಾರ್ಥಿಗಳೂ ಮೊದಲ ಬಾರಿಗೆ ಲಿನಕ್ಸ್ ಡ್ರೈವರ್ ಬರೆಯಲು ಕೂತ ಎಂಜಿನಿಯರುಗಳೂ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಅವುಗಳಲ್ಲಿ ಕನ್ಸೋಲಿಗೆ, ಅಂದರೆ ಕರ್ನಲ್ಲಿನ ಸಂದೇಶಗಳು ಹೊರಬೀಳುವ ಪರದೆಗೋ ಸೀರಿಯಲ್ ತಂತಿಗೋ, ಸಂಬಂಧಿಸಿದವನ್ನು ಇಲ್ಲಿ ಒಂದೆಡೆ ತಂದಿದ್ದೇನೆ. ಎಕ್ಸ್‌ವಿ6 ಎಂಬುದು ಅಮೆರಿಕದ ಎಂಐಟಿಯಲ್ಲಿ ಪಾಠಕ್ಕೆಂದೇ ಬರೆದ ಪುಟ್ಟ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು. ಅದರ ಮುದ್ರಣದ ಕೋಡನ್ನು ಅರ್ಧ ಗಂಟೆಯಲ್ಲಿ ಪೂರ್ತಿ ಓದಿ ಮುಗಿಸಬಹುದು. ಲಿನಕ್ಸ್‌ನಲ್ಲಿ ಅದೇ ಕೆಲಸ ಮಾಡುವ ಭಾಗವನ್ನು ನೆಟ್ಟಗೆ ಮಾಡಲು ವರ್ಷಗಳೇ ಹಿಡಿದಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯ ಬೇಗ ತಲೆಗೆ ಹತ್ತುತ್ತದೆ.

ಒಂದು ಸಾಲು ಮುದ್ರಿಸುವುದರಲ್ಲಿ ಸುರಕ್ಷತೆಯ ಪ್ರಶ್ನೆ ಎಲ್ಲಿಂದ ಬಂತು?

ಸಾಮಾನ್ಯ ಪ್ರೋಗ್ರಾಮಿನಲ್ಲಿ ಪ್ರಿಂಟ್‌ಎಫ್ ಕರೆದಾಗ ಅದು ಅಕ್ಷರಗಳನ್ನು ಒಂದು ಬಫರಿನಲ್ಲಿ ಜೋಡಿಸಿ, ಸಿಸ್ಟಮ್ ಕಾಲ್ ಮೂಲಕ ಕರ್ನಲ್ಲಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಕರ್ನಲ್ಲಿನ ಒಳಗೆ ಹಾಗೆ ಒಪ್ಪಿಸಲು ಕೆಳಗೆ ಬೇರೆ ಯಾರೂ ಇಲ್ಲ. ಮುದ್ರಿಸುವ ಕೋಡ್ ಒಂದು ಹೊತ್ತಿಗೆ ಒಬ್ಬರೇ ಬರೆಯುವಂತೆ ತಾನೇ ಲಾಕ್ ಹಿಡಿಯಬೇಕು, ತಾನೇ ಸೀರಿಯಲ್ ಪೋರ್ಟಿನ ರಿಜಿಸ್ಟರ್ ನೋಡುತ್ತ ಕಾಯಬೇಕು, ಕೆಲವೊಮ್ಮೆ ಮಲಗಿರುವ ಇನ್ನೊಂದು ಪ್ರೋಸೆಸ್ಸನ್ನು ಎಬ್ಬಿಸಬೇಕು. ನೀವು ಹುಡುಕುತ್ತಿರುವ ದೋಷ ಅದೇ ಲಾಕಿನಲ್ಲೋ, ಸಿಪಿಯುವಿನ ಕೆಲಸವನ್ನು ನಡುವೆ ತಡೆಯುವ ಇಂಟರಪ್ಟಿನಲ್ಲೋ, ಮುಂದೆ ಯಾವ ಪ್ರೋಸೆಸ್ ಓಡಬೇಕೆಂದು ಆರಿಸುವ ಷೆಡ್ಯೂಲರಿನಲ್ಲೋ ಇದ್ದರೆ, ದೋಷವನ್ನು ತೋರಿಸಬೇಕಾದ ಸಾಲೇ ಅದರೊಳಗೆ ಸಿಕ್ಕಿಬೀಳುತ್ತದೆ.

ಆದ್ದರಿಂದ ಎರಡು ಕೆಲಸಗಳನ್ನು ಮನಸ್ಸಿನಲ್ಲಿ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಸಂದೇಶವನ್ನು ಮೆಮೊರಿಯಲ್ಲಿ ದಾಖಲಿಸುವುದು ಒಂದು, ಅದನ್ನು ಪರದೆಗೋ ತಂತಿಗೋ ಕಳುಹಿಸಿ ತೋರಿಸುವುದು ಇನ್ನೊಂದು. ದಾಖಲಿಸುವುದನ್ನು ಎಲ್ಲ ಸಂದರ್ಭಗಳಲ್ಲೂ ಸುರಕ್ಷಿತವಾಗಿ ಮಾಡಲು ಸಾಧ್ಯ. ತೋರಿಸುವುದನ್ನು ಹಾಗೆ ಮಾಡಲಾಗದು. ಮುಂದಿನ ಉತ್ತರಗಳಲ್ಲಿ ಬಹುಪಾಲು ಈ ಭೇದದ ಸುತ್ತಲೇ ತಿರುಗುತ್ತವೆ.

ಎಕ್ಸ್‌ವಿ6ರಲ್ಲಿ ಸಾಲುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಏಕೆ?

ರಿಸ್ಕ್-ವಿ ಆವೃತ್ತಿಯ ಮೇಕ್‌ಫೈಲ್ ಪೂರ್ವನಿಯೋಜಿತವಾಗಿ 3 ಸಿಪಿಯುಗಳೊಂದಿಗೆ ಕ್ಯೂಎಮು ಎಂಬ ಯಂತ್ರಾನುಕರಣೆಯ ಪ್ರೋಗ್ರಾಮನ್ನು ನಡೆಸುತ್ತದೆ. ಬೂಟ್ ಆಗುವಾಗ ಎರಡು ಸಿಪಿಯುಗಳು (ರಿಸ್ಕ್-ವಿ ಭಾಷೆಯಲ್ಲಿ ಹಾರ್ಟ್‌ಗಳು) "ಹಾರ್ಟ್ 1 ಸ್ಟಾರ್ಟಿಂಗ್", "ಹಾರ್ಟ್ 2 ಸ್ಟಾರ್ಟಿಂಗ್" ಎಂದು ತಮ್ಮ ತಮ್ಮ ಸಾಲನ್ನು ಮುದ್ರಿಸಬೇಕು. ಮುದ್ರಣದ ಲಾಕನ್ನು ತೆಗೆದುಹಾಕಿ ಒಮ್ಮೆ ಓಡಿಸಿ ನೋಡಿ: ಎರಡೂ ಒಂದೇ ಹೊತ್ತಿಗೆ ಹೊರಟ ದಿನ ಪ್ರತಿ ಅಕ್ಷರವೂ ಎರಡೆರಡು ಬಾರಿ ಬಂದು, ನಡುವೆ ಅಂಕಿಗಳು ಮಾತ್ರ 21 ಎಂದು ಅಂಟಿಕೊಂಡು, ಹೊಸ ಸಾಲಿನ ಚಿಹ್ನೆ ಎರಡು ಸಲ ಬಿದ್ದು ಕೆಳಗೊಂದು ಖಾಲಿ ಸಾಲು ಉಳಿಯುತ್ತದೆ. ಒಂದೊಂದು ಅಕ್ಷರ ಮಾತ್ರ ಅಖಂಡವಾಗಿ ಹೋಗುತ್ತದೆ, ಇಡೀ ಸಾಲಲ್ಲ.

ಇದರಿಂದ ಯಾವ ಹಾನಿಯೂ ಇಲ್ಲ, ಓದಲು ಕಷ್ಟ ಅಷ್ಟೇ. ಕಲಸಿದ ಸಾಲಾದರೂ ಕಣ್ಣಿಗೆ ಬೀಳುತ್ತದೆ. ಲಾಕ್ ತಪ್ಪಾಗಿ ಹಾಕಿದರೆ ಏನೂ ಬೀಳುವುದಿಲ್ಲ. ತೀರ ಕಂಗೆಟ್ಟ ಹೊತ್ತಿನಲ್ಲಿ ನಾನು ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ.

ಸ್ಪಿನ್‌ಲಾಕ್ ಹಾಕಿದೆ. ಈಗ ಸಾಲು ಸರಿಯಾಗಿದೆ, ಆದರೆ ಕೆಲವೊಮ್ಮೆ ಯಂತ್ರವೇ ನಿಂತುಹೋಗುತ್ತದೆ. ಎಲ್ಲಿ ತಪ್ಪಿದೆ?

ಸ್ವಂತವಾಗಿ ಕರ್ನಲ್ ಬರೆಯುವವರೆಲ್ಲ ಒಮ್ಮೆ ದಾಟಿಬರುವ ಗುಂಡಿ ಇದು. ಸಿಪಿಯು ಒಂದು ಸಾಲನ್ನು ಮುದ್ರಿಸುತ್ತಿದೆ, ಲಾಕ್ ಅದರ ಕೈಯಲ್ಲಿದೆ. ಅಷ್ಟರಲ್ಲಿ ಅದೇ ಸಿಪಿಯುವಿಗೆ ಟೈಮರ್ ಇಂಟರಪ್ಟ್ ಬರುತ್ತದೆ. ಇಂಟರಪ್ಟ್ ಹ್ಯಾಂಡ್ಲರಿನಲ್ಲಿ ನೀವು ಇನ್ನೊಂದು ಮುದ್ರಣದ ಸಾಲು ಸೇರಿಸಿದ್ದೀರಿ. ಅದು ಲಾಕ್ ಬಿಡುಗಡೆಯಾಗಲಿ ಎಂದು ಸುತ್ತುತ್ತ ಕಾಯುತ್ತದೆ; ಲಾಕ್ ಬಿಡಬೇಕಾದ ಕೋಡೋ ಈ ಹ್ಯಾಂಡ್ಲರ್ ಮುಗಿಯಲಿ ಎಂದು ಕೆಳಗೆ ಕಾದಿದೆ. ಇಬ್ಬರೂ ಒಂದೇ ಸಿಪಿಯುವಿನಲ್ಲಿದ್ದಾರೆ, ಇಬ್ಬರಿಗೂ ಬಿಡುಗಡೆಯಿಲ್ಲ.

ಪರಿಹಾರವೆಂದರೆ ಲಾಕ್ ಹಿಡಿಯುವ ಮೊದಲೇ ಆ ಸಿಪಿಯುವಿನಲ್ಲಿ ಇಂಟರಪ್ಟುಗಳನ್ನು ನಿಲ್ಲಿಸುವುದು. ಎಕ್ಸ್‌ವಿ6 ತನ್ನ ಅಕ್ವೈರ್ ಎಂಬ ಫಂಕ್ಷನಿನ ಮೊದಲ ಸಾಲಿನಲ್ಲಿ ಪುಶ್_ಆಫ್ ಕರೆದು ಇದನ್ನೇ ಮಾಡುತ್ತದೆ. ಬರಿದೇ ನಿಲ್ಲಿಸಿ ಮತ್ತೆ ಆರಂಭಿಸಿದರೆ ಸಾಲದು. ಎಷ್ಟು ಬಾರಿ ನಿಲ್ಲಿಸಿದ್ದೇವೆ ಎಂಬ ಲೆಕ್ಕವನ್ನು ಪ್ರತಿ ಸಿಪಿಯುವಿಗೂ ಬೇರೆಯಾಗಿ ಇಡಬೇಕು. ಏಕೆಂದರೆ ಬೇರೊಂದು ಲಾಕ್ ಹಿಡಿದುಕೊಂಡಿರುವಾಗಲೇ ಮುದ್ರಣ ನಡೆದರೆ, ಮುದ್ರಣದ ಲಾಕ್ ಬಿಟ್ಟ ಕೂಡಲೆ ಇಂಟರಪ್ಟುಗಳು ತೆರೆದುಕೊಂಡು ಹೊರಗಿನ ಲಾಕಿನ ರಕ್ಷಣೆಯೇ ಹಾಳಾಗುತ್ತದೆ.

ಇನ್ನೊಂದು ತಪ್ಪನ್ನೂ ಹೇಳಿಬಿಡಬೇಕು. ಲಾಕಿನ ಕೋಡಿನಲ್ಲೇ ದೋಷವಿರಬಹುದೆಂದು ಅಕ್ವೈರ್ ಒಳಗೆ ಪ್ರಿಂಟ್‌ಎಫ್ ಸೇರಿಸುವವರಿದ್ದಾರೆ. ಪ್ರಿಂಟ್‌ಎಫ್ ಅಕ್ವೈರನ್ನು ಕರೆಯುತ್ತದೆ, ಅದು ಪ್ರಿಂಟ್‌ಎಫ್ ಕರೆಯುತ್ತದೆ, ಹೀಗೆ 4096 ಬೈಟಿನ ಕರ್ನಲ್ ಸ್ಟ್ಯಾಕ್ ಕ್ಷಣದಲ್ಲಿ ಮುಗಿದುಹೋಗುತ್ತದೆ. ಅಂಥ ಜಾಗದಲ್ಲಿ ಲಾಕ್ ಬಳಸದ, ಒಂದೇ ಅಕ್ಷರವನ್ನು ನೇರವಾಗಿ ಪೋರ್ಟಿಗೆ ತಳ್ಳುವ ಫಂಕ್ಷನ್ ಬಳಸಿ. ಒಳಗೆ ಬಂದಾಗ "ಎ", ಹೊರಟಾಗ "ಬಿ" ಎಂದು ಬಿದ್ದರೂ ಎಷ್ಟೋ ಸಂಗತಿ ತಿಳಿಯುತ್ತದೆ.

ಪ್ಯಾನಿಕ್ ಆದಾಗ ಲಾಕನ್ನು ಲೆಕ್ಕಿಸದೆ ಬರೆಯುವುದು ಸರಿಯೇ?

ಸರಿ, ಅಷ್ಟೇ ಅಲ್ಲ, ಅನಿವಾರ್ಯವೂ ಹೌದು. ಪ್ಯಾನಿಕ್ ಎಂದರೆ ಚೇತರಿಸಿಕೊಳ್ಳಲಾಗದ ದೋಷ ಕಂಡು ಕರ್ನಲ್ ತಾನೇ ನಿಂತುಬಿಡುವುದು. ಲಾಕ್ ಹಿಡಿದ ಸಿಪಿಯು ಸತ್ತಿರಬಹುದು, ಅಥವಾ ಪ್ಯಾನಿಕ್ ಆಗಿದ್ದೇ ಆ ಲಾಕ್ ಹಿಡಿದಿದ್ದ ಸಿಪಿಯು ಆಗಿರಬಹುದು. ಎಕ್ಸ್‌ವಿ6 ಇದನ್ನು ನೇರವಾಗಿ ಬಗೆಹರಿಸುತ್ತದೆ: ಪ್ಯಾನಿಕ್ ಆದ ತಕ್ಷಣ ಮುದ್ರಣದ ಲಾಕನ್ನು ಬಳಸಬಾರದೆಂದು ಒಂದು ಚರಾಂಕದಲ್ಲಿ ಗುರುತು ಹಾಕಿ, ಸಂದೇಶ ಬರೆದು, ಮತ್ತೊಂದು ಗುರುತು ಹಾಕುತ್ತದೆ. ಎರಡನೆಯ ಗುರುತು ಕಂಡ ಬೇರೆ ಸಿಪಿಯುಗಳು ಏನನ್ನಾದರೂ ಬರೆಯಲು ಬಂದರೆ ಅಲ್ಲೇ ಅನಂತ ಲೂಪಿನಲ್ಲಿ ಸಿಕ್ಕಿಕೊಳ್ಳುತ್ತವೆ. ಪ್ಯಾನಿಕ್ ಸಂದೇಶದ ಮೇಲೆ ಬೇರೆ ಸಾಲುಗಳು ಉರುಳಿ ಅದು ಪರದೆಯಿಂದ ಮರೆಯಾಗದಿರಲು ಮಾಡಿದ ಸರಳ ಏರ್ಪಾಡು ಇದು.

ಲಿನಕ್ಸ್‌ನಲ್ಲಿ ಇದೇ ವಿಚಾರ ಇನ್ನಷ್ಟು ಜಟಿಲ. ಊಪ್ಸ್, ಅಂದರೆ ಕರ್ನಲ್ಲಿನ ಒಳಗಿನ ಗಂಭೀರ ದೋಷದ ವರದಿ, ನಡೆಯುತ್ತಿದೆ ಎಂಬ ಗುರುತು ಕಂಡರೆ ಸೀರಿಯಲ್ ಡ್ರೈವರ್ ಪೋರ್ಟಿನ ಲಾಕಿಗಾಗಿ ಕಾಯದೆ ಒಂದು ಬಾರಿ ಪ್ರಯತ್ನಿಸಿ, ಸಿಗದಿದ್ದರೂ ಬರೆಯಲು ಮುಂದಾಗುತ್ತದೆ. ಇನ್ನೊಂದು ಸಿಪಿಯು ಪೋರ್ಟಿನ ವೇಗ ಬದಲಿಸುತ್ತಿದ್ದ ನಡುವಿನಲ್ಲೇ ಇದು ನುಗ್ಗಿದರೆ ತಂತಿಯ ಮೇಲೆ ಕಸ ಬೀಳುತ್ತದೆ. ಹಾಗಾಗಬಹುದೆಂದು ತಿಳಿದೇ ಒಪ್ಪಿಕೊಂಡ ರಾಜಿ ಅದು. ಪ್ಯಾನಿಕ್ ದಾರಿಯಲ್ಲಿ ಹೊಸದಾಗಿ ಮೆಮೊರಿ ಕೇಳುವುದು, ನಿದ್ರೆಗೆ ಜಾರಬಲ್ಲ ಫಂಕ್ಷನ್ ಕರೆಯುವುದು, ಡಿಸ್ಕಿಗೆ ಫೈಲಾಗಿ ಬರೆಯಲು ಹೋಗುವುದು ಮಾತ್ರ ಎಂದೂ ಸಲ್ಲದು. ಮೊದಲೆರಡರಿಂದ ಸಂದೇಶ ಕಳೆದುಹೋಗಬಹುದು. ಮೂರನೆಯದರಿಂದ ಫೈಲ್‌ಸಿಸ್ಟಮ್ಮೇ ಕೆಡಬಹುದು.

ಸೀರಿಯಲ್ ಪೋರ್ಟ್ ನಿಧಾನ ಎನ್ನುತ್ತಾರೆ. ನಿಜವಾಗಿ ಎಷ್ಟು ನಿಧಾನ?

ಲೆಕ್ಕ ಹಾಕಿಯೇ ನೋಡೋಣ. ಸೆಕೆಂಡಿಗೆ 115200 ಬಿಟ್ ವೇಗದಲ್ಲಿ, ಪ್ರತಿ ಅಕ್ಷರಕ್ಕೆ 8 ದತ್ತಾಂಶದ ಬಿಟ್, ಒಂದು ಆರಂಭದ ಬಿಟ್, ಒಂದು ಕೊನೆಯ ಬಿಟ್ ಸೇರಿ 10 ಬಿಟ್ ಬೇಕು. ಅಂದರೆ ಸೆಕೆಂಡಿಗೆ 11520 ಅಕ್ಷರ, ಒಂದು ಅಕ್ಷರಕ್ಕೆ ಸುಮಾರು 87 ಮೈಕ್ರೋಸೆಕೆಂಡ್. 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್ ಆಯಿತು. ವೇಗ 9600 ಆದರೆ ಅದೇ ಸಾಲು 83 ಮಿಲಿಸೆಕೆಂಡ್ ತಿನ್ನುತ್ತದೆ. ಆಧುನಿಕ ಸಿಪಿಯುವಿಗೆ 7 ಮಿಲಿಸೆಕೆಂಡ್ ಎಂದರೆ ಕೋಟಿಗೂ ಮೀರಿದ ಗಡಿಯಾರದ ಮಿಡಿತಗಳು.

ಈಗ ಸೆಕೆಂಡಿಗೆ 250 ಬಾರಿ ಬರುವ ಟೈಮರ್ ಇಂಟರಪ್ಟಿನಲ್ಲಿ 60 ಅಕ್ಷರದ ಒಂದು ಸಾಲು ಸೇರಿಸಿದಿರಿ ಎನ್ನೋಣ. ಇಂಟರಪ್ಟ್ ಬರುವುದು 4 ಮಿಲಿಸೆಕೆಂಡಿಗೊಮ್ಮೆ, ಸಾಲು ಹೊರಹೋಗಲು ಬೇಕಾದದ್ದು 5.2 ಮಿಲಿಸೆಕೆಂಡ್. ಒಂದನ್ನು ಮುಗಿಸುವ ಮೊದಲೇ ಮುಂದಿನದು ಬಾಗಿಲಲ್ಲಿ ನಿಂತಿರುತ್ತದೆ. ಸಿಪಿಯು ಬೇರೆ ಯಾವ ಕೆಲಸಕ್ಕೂ ಸಿಗುವುದಿಲ್ಲ. ಕೋಡಿನಲ್ಲಿ ತರ್ಕದೋಷ ಏನೂ ಇಲ್ಲದಿದ್ದರೂ ಯಂತ್ರ ಸತ್ತಂತೆ ಕಾಣುತ್ತದೆ.

ಕಾಯುವ ಕೆಲಸ ನಡೆಯುವುದು ಹೀಗೆ: 16550 ಜಾತಿಯ ಯುಆರ್ಟ್ ಎಂಬ ಸೀರಿಯಲ್ ಪೋರ್ಟಿನ ಚಿಪ್ಪಿನಲ್ಲಿ ಮೂಲ ವಿಳಾಸದಿಂದ 5ನೇ ಜಾಗದಲ್ಲಿ ಲೈನ್ ಸ್ಟೇಟಸ್ ರಿಜಿಸ್ಟರ್ ಇದೆ. ಅದರ 5ನೇ ಬಿಟ್ 1 ಆಗಿದ್ದರೆ ಮುಂದಿನ ಅಕ್ಷರ ತುಂಬಬಹುದು. ಪಿಸಿಯಲ್ಲಿ ಮೊದಲ ಪೋರ್ಟಿನ ಮೂಲ ವಿಳಾಸ ಹೆಕ್ಸ್ 3ಎಫ್8. ಕ್ಯೂಎಮುವಿನ ರಿಸ್ಕ್-ವಿ ಯಂತ್ರದಲ್ಲಿ ಹೆಕ್ಸ್ 10000000. ಆ ಬಿಟ್ ಎಂದೂ 1 ಆಗದಿದ್ದರೆ ಏನು ಮಾಡಬೇಕೆಂಬುದನ್ನು ಮರೆಯಬೇಡಿ. ಪೋರ್ಟ್ ಇಲ್ಲದ ಅಥವಾ ಕೆಟ್ಟ ಯಂತ್ರದಲ್ಲಿ ಮಿತಿಯಿಲ್ಲದೆ ಕಾದರೆ ಬೂಟ್ ಅಲ್ಲಿಗೇ ನಿಲ್ಲುತ್ತದೆ. ಎಣಿಕೆಯ ಮಿತಿ ಇಟ್ಟು, ಮೀರಿದರೆ ಆ ಅಕ್ಷರವನ್ನು ಕೈಬಿಟ್ಟು ಮುಂದೆ ಹೋಗಬೇಕು.

ಕ್ಯೂಎಮುವಿನಲ್ಲಿ ಮಾತ್ರ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ: ಅದರ ಅನುಕರಣೆಯ ಪೋರ್ಟ್ ಸಾಮಾನ್ಯವಾಗಿ ಈ ವೇಗದ ಮಿತಿಗೆ ಕಟ್ಟುಬೀಳದೆ ಅಕ್ಷರಗಳನ್ನು ತಕ್ಷಣ ಹೊರಹಾಕುತ್ತದೆ. ಅಲ್ಲಿ ನಯವಾಗಿ ಓಡಿದ ಡೀಬಗ್ ಸಾಲುಗಳು ನಿಜವಾದ ಬೋರ್ಡಿನಲ್ಲಿ ಯಂತ್ರವನ್ನು ಮಂಡಿಯೂರಿಸಬಹುದು.

ಲಿನಕ್ಸ್‌ನ ಪ್ರಿಂಟ್‌ಕೆ ಇದನ್ನೆಲ್ಲ ಹೇಗೆ ನಿಭಾಯಿಸುತ್ತದೆ?

ಲಿನಕ್ಸ್ ಕರ್ನಲ್ಲಿನ ಮುದ್ರಣದ ಫಂಕ್ಷನ್ ಆದ ಪ್ರಿಂಟ್‌ಕೆ ಮೊದಲು ಸಂದೇಶವನ್ನು ಒಂದು ರಿಂಗ್ ಬಫರಿನಲ್ಲಿ ದಾಖಲಿಸುತ್ತದೆ. ಬಫರ್ ತುಂಬಿದಾಗ ಹಳೆಯದರ ಮೇಲೆ ಹೊಸದು ಬರುತ್ತದೆ. ಗಾತ್ರ ಸಾಮಾನ್ಯವಾಗಿ 128 ಕೆಬಿ. ಕರ್ನಲ್ಲಿಗೆ ಆಯ್ಕೆಗಳನ್ನು ಕೊಡುವ ಬೂಟ್ ಸಾಲಿನಲ್ಲಿ ಲಾಗ್_ಬಫ್_ಲೆನ್ ಮೂಲಕ ಹೆಚ್ಚಿಸಿಕೊಳ್ಳಬಹುದು. ಹಳೆಯ ಪದ್ಧತಿಯಲ್ಲಿ ಪ್ರಿಂಟ್‌ಕೆ ಬಳಿಕ ಕನ್ಸೋಲ್ ಲಾಕಿಗೆ ಕೈಹಾಕುತ್ತದೆ. ಸಿಕ್ಕರೆ, ಬಫರಿನಲ್ಲಿ ಬಾಕಿ ಇರುವುದನ್ನೆಲ್ಲ ಆ ಸಿಪಿಯುವೇ ಕನ್ಸೋಲಿಗೆ ಸಾಗಿಸುತ್ತದೆ. ಸಿಗದಿದ್ದರೆ ಲಾಕ್ ಹಿಡಿದವರು ಸಾಗಿಸುತ್ತಾರೆಂದು ಬಿಟ್ಟು ಹೊರಡುತ್ತದೆ. ತನ್ನದೊಂದೇ ಸಾಲು ಬರೆಯಲು ಬಂದ ಬಡಪಾಯಿ ಊರವರ ಮೂಟೆಯನ್ನೆಲ್ಲ ಹೊರಬೇಕಾಗಿ ಬರುವುದು ಹೀಗೆ.

2020ರ ಡಿಸೆಂಬರಿನಲ್ಲಿ ಬಂದ 5.10 ಆವೃತ್ತಿಯಲ್ಲಿ ರಿಂಗ್ ಬಫರ್ ಲಾಕ್ ಇಲ್ಲದ ವಿನ್ಯಾಸಕ್ಕೆ ಬದಲಾಯಿತು. ಜಾನ್ ಒಗ್ನೆಸ್ ಬರೆದ ಈ ಬದಲಾವಣೆಯಿಂದ ದಾಖಲಿಸುವ ಅರ್ಧಭಾಗ ಎಲ್ಲಿಂದ ಕರೆದರೂ ಸುರಕ್ಷಿತವಾಗಲು ದಾರಿಯಾಯಿತು. ತಡೆಯಲಾಗದ ಇಂಟರಪ್ಟ್ ಎಂದು ಕರೆಯುವ ಎನ್‌ಎಂಐ ಒಳಗಿನಿಂದಲೂ ಬರೆಯಬಹುದು. ತೋರಿಸುವ ಅರ್ಧಭಾಗ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಸಾಗಿಸುವ ಕೆಲಸವನ್ನು ಪ್ರತ್ಯೇಕ ಥ್ರೆಡ್ಡುಗಳಿಗೆ ಒಪ್ಪಿಸುವ ಪ್ರಯತ್ನ 5.19ರ ತಯಾರಿಯಲ್ಲಿ ಒಳಸೇರಿ, ಬಿಡುಗಡೆಗೆ ಮುನ್ನವೇ ವಾಪಸಾಯಿತು. ಮುಂದೆ ಎನ್‌ಬಿಕಾನ್ ಎಂಬ ಹೊಸ ಏರ್ಪಾಡು ಬಂತು. ಅದರಲ್ಲಿ ಪ್ರತಿ ಕನ್ಸೋಲಿಗೂ ಒಬ್ಬ ಹಕ್ಕುದಾರನಿದ್ದು, ಸಾಮಾನ್ಯ, ತುರ್ತು, ಪ್ಯಾನಿಕ್ ಎಂಬ ಮೂರು ಆದ್ಯತೆಗಳಿವೆ. ಹೆಚ್ಚಿನ ಆದ್ಯತೆಯವರು ಬಂದಾಗ ಡ್ರೈವರ್ ಅಪಾಯದ ಘಟ್ಟದಲ್ಲಿಲ್ಲದ ಹೊತ್ತು ನೋಡಿ ಹಕ್ಕನ್ನು ಕಿತ್ತುಕೊಳ್ಳುತ್ತಾರೆ. ಸುಮಾರು ಇಪ್ಪತ್ತು ವರ್ಷ ಹೊರಗೇ ಬೆಳೆದ ರಿಯಲ್‌ಟೈಮ್ ಬೆಂಬಲ 2024ರ ನವೆಂಬರಿನ 6.12 ಆವೃತ್ತಿಯಲ್ಲಿ ಮುಖ್ಯ ಕರ್ನಲ್ಲಿಗೆ ಸೇರುವ ಮೊದಲು ಕೊನೆಯದಾಗಿ ಉಳಿದಿದ್ದ ಅಡ್ಡಿ ಇದೇ ಪ್ರಿಂಟ್‌ಕೆ ಎಂದರೆ, ಒಂದು ಸಾಲು ಮುದ್ರಿಸುವುದರ ಹಿಂದಿನ ಕಷ್ಟ ಅರಿವಾದೀತು.

ಹಾಗಾದರೆ ಈಗ ಎಲ್ಲಿ ಬೇಕಾದರೂ ಪ್ರಿಂಟ್‌ಕೆ ಹಾಕಬಹುದೇ?

ಇಲ್ಲ. ಎಲ್ಲ ಕನ್ಸೋಲ್ ಡ್ರೈವರುಗಳೂ ಹೊಸ ಏರ್ಪಾಡಿಗೆ ಬದಲಾಗಿಲ್ಲ, ಮತ್ತು ನೀವು ಕೆಲಸ ಮಾಡುತ್ತಿರುವ ಬೋರ್ಡಿನಲ್ಲಿ ಹಳೆಯ ಕರ್ನಲ್ಲೇ ಇರುವುದು ಹೆಚ್ಚು. ಓಡಲು ಸಿದ್ಧವಾದ ಪ್ರೋಸೆಸ್ಸುಗಳ ಪಟ್ಟಿಯನ್ನು ಕಾಯುವ, ಷೆಡ್ಯೂಲರಿನ ರನ್‌ಕ್ಯೂ ಲಾಕ್ ಹಿಡಿದಿರುವಾಗ ಸಾಮಾನ್ಯ ಪ್ರಿಂಟ್‌ಕೆ ಕರೆದರೆ, ಕನ್ಸೋಲ್ ಲಾಕನ್ನು ಬಿಡುವಾಗ ಅದಕ್ಕಾಗಿ ಕಾದಿದ್ದ ಪ್ರೋಸೆಸ್ಸನ್ನು ಎಬ್ಬಿಸಬೇಕಾಗುತ್ತದೆ. ಎಬ್ಬಿಸಲು ಮತ್ತೆ ಅದೇ ರನ್‌ಕ್ಯೂ ಲಾಕ್ ಬೇಕು. ಆದ್ದರಿಂದಲೇ ಷೆಡ್ಯೂಲರಿನ ಕೋಡಿನಲ್ಲಿ ಪ್ರಿಂಟ್‌ಕೆ_ಡಿಫರ್ಡ್ ಎಂಬ ರೂಪ ಬಳಸುತ್ತಾರೆ. ಅದು ಆಗ ದಾಖಲಿಸಿ, ತೋರಿಸುವುದನ್ನು ನಂತರಕ್ಕೆ ಮುಂದೂಡುತ್ತದೆ. ಕನ್ಸೋಲ್ ಡ್ರೈವರ್, ಟೈಮರ್‌ಗಳ ಒಳಭಾಗ ಇತ್ಯಾದಿ ಜಾಗಗಳಲ್ಲೂ ಇದೇ ಜಾಗರೂಕತೆ ಬೇಕು.

ಪ್ರಿಂಟ್‌ಕೆ ಹಾಕಿದ್ದೇನೆ, ಆದರೆ ಪರದೆಯಲ್ಲಿ ಏನೂ ಕಾಣುತ್ತಿಲ್ಲ.

ಮೊದಲು ರಿಂಗ್ ಬಫರಿನಲ್ಲಿರುವುದನ್ನು ತೋರಿಸುವ ಡಿಮೆಸೇಜ್ ಆಜ್ಞೆಯಲ್ಲಿ ಇದೆಯೇ ನೋಡಿ. ಅಲ್ಲಿದ್ದರೆ ಲಾಗ್ ಮಟ್ಟದ ಪ್ರಶ್ನೆ. 0 ಅತಿ ತುರ್ತು, 7 ಡೀಬಗ್. ಕನ್ಸೋಲಿನ ಮಟ್ಟ ಎಷ್ಟಿದೆಯೋ ಅದಕ್ಕಿಂತ ಕಡಿಮೆ ಸಂಖ್ಯೆಯವು ಮಾತ್ರ ಹೊರಬರುತ್ತವೆ. ಮಟ್ಟ 7 ಇದ್ದರೆ 7ರ ಸಂದೇಶ ಬರುವುದಿಲ್ಲ; ಬಹಳ ಜನ ಎಡವುವುದು ಈ ಒಂದಂಕಿಯ ವ್ಯತ್ಯಾಸದಲ್ಲಿ. ಬೂಟ್ ಸಾಲಿನಲ್ಲಿ ಕ್ವಯಟ್ ಎಂದಿದ್ದರೆ ಮಟ್ಟ 4ಕ್ಕೆ ಇಳಿದಿರುತ್ತದೆ. ಎಲ್ಲವೂ ಬೇಕಿದ್ದರೆ ಇಗ್ನೋರ್_ಲಾಗ್‌ಲೆವೆಲ್ ಎಂದು ಸೇರಿಸಿ. ಪ್ರಾಕ್ ಫೈಲ್‌ಸಿಸ್ಟಮಿನ ಸಿಸ್ ಒಳಗಿನ ಕರ್ನಲ್ ಫೋಲ್ಡರಿನಲ್ಲಿ ಪ್ರಿಂಟ್‌ಕೆ ಎಂಬ ಫೈಲಿದ್ದು, ಅದರ ನಾಲ್ಕು ಅಂಕಿಗಳಲ್ಲಿ ಮೊದಲನೆಯದೇ ಈ ಮಟ್ಟ.

ಕನ್ಸೋಲ್ ಎಂಬ ಆಯ್ಕೆಯನ್ನು ಬೂಟ್ ಸಾಲಿನಲ್ಲಿ ಎರಡು ಸಲ ಕೊಟ್ಟಿದ್ದರೆ ಕರ್ನಲ್ಲಿನ ಸಂದೇಶಗಳು ಎರಡಕ್ಕೂ ಹೋಗುತ್ತವೆ. ಆದರೆ ಬಳಕೆದಾರರ ಕಡೆಯ ಪ್ರೋಗ್ರಾಮುಗಳು ಬರೆಯುವ ಕನ್ಸೋಲ್ ಕೊನೆಯದಾಗಿ ಕೊಟ್ಟದ್ದು ಮಾತ್ರ.

ಡ್ರೈವರ್ ಏಳುವುದಕ್ಕೂ ಮೊದಲೇ ಕರ್ನಲ್ ಸಾಯುತ್ತಿದೆ. ಸಂದೇಶ ನೋಡುವುದು ಹೇಗೆ?

ಅದಕ್ಕೆಂದೇ ಅರ್ಲಿಕಾನ್, ಅರ್ಲಿಪ್ರಿಂಟ್‌ಕೆ ಎಂಬ ಬೂಟ್ ಆಯ್ಕೆಗಳಿವೆ. ಇವು ಇಂಟರಪ್ಟಿನ ಗೊಡವೆಗೆ ಹೋಗದೆ ರಿಜಿಸ್ಟರನ್ನು ನೋಡುತ್ತ ಒಂದೊಂದೇ ಅಕ್ಷರ ತಳ್ಳುತ್ತವೆ. ನಿಜವಾದ ಡ್ರೈವರ್ ಬಂದ ಕೂಡಲೆ ಬೂಟ್ ಕನ್ಸೋಲನ್ನು ನಿಲ್ಲಿಸಲಾಗುತ್ತದೆ. ಹಸ್ತಾಂತರದ ಆ ಕ್ಷಣದಲ್ಲೇ ಯಂತ್ರ ಸಾಯುತ್ತಿದ್ದರೆ ಕೀಪ್_ಬೂಟ್‌ಕಾನ್ ಎಂದು ಸೇರಿಸಿ ಹಳೆಯದನ್ನೂ ಉಳಿಸಿಕೊಳ್ಳಬಹುದು. ಸಾಲುಗಳು ಎರಡೆರಡು ಬಾರಿ ಬರುತ್ತವೆ, ಚಿಂತೆಯಿಲ್ಲ.

ಅದಕ್ಕೂ ಮೊದಲೇ ಸಾಯುತ್ತಿದ್ದರೆ, ಹಳೆಯ ಬಯಾಸ್ ಪಿಸಿಯಲ್ಲಿ ವಿಜಿಎ ಪಠ್ಯ ಪರದೆಯ ಮೆಮೊರಿ ಹೆಕ್ಸ್ ಬಿ8000 ವಿಳಾಸದಲ್ಲಿರುತ್ತದೆ. ಪ್ರತಿ ಅಕ್ಷರಕ್ಕೆ ಎರಡು ಬೈಟ್, ಒಂದು ಅಕ್ಷರಕ್ಕೆ, ಒಂದು ಬಣ್ಣಕ್ಕೆ. ಕಾಯುವುದೂ ಇಲ್ಲ, ಲಾಕೂ ಇಲ್ಲ; ಇಷ್ಟು ನಿರುಪದ್ರವಿ ಕನ್ಸೋಲ್ ಇನ್ನೊಂದಿಲ್ಲ. ಪೇಜ್ ಟೇಬಲ್ ಬದಲಿಸುವಾಗ ಆ ವಿಳಾಸದ ಮ್ಯಾಪಿಂಗ್ ಉಳಿಸಿಕೊಂಡಿರಬೇಕು ಎಂಬುದೊಂದೇ ಷರತ್ತು.

ಬೋರ್ಡಿಗೆ ಸೀರಿಯಲ್ ಕೇಬಲ್ ಜೋಡಿಸುವಾಗ ಏನು ಗಮನಿಸಬೇಕು?

ಇದು ಕೋಡಿನ ಪ್ರಶ್ನೆಯಲ್ಲದಿದ್ದರೂ ಸುರಕ್ಷತೆಯ ಪ್ರಶ್ನೆ ಹೌದು. ಪಿಸಿಯ ಹಿಂದಿನ ಆರ್‌ಎಸ್-232 ಪೋರ್ಟಿನಲ್ಲಿ ವೋಲ್ಟೇಜ್ ಧನ 15ರಿಂದ ಋಣ 15ರವರೆಗೂ ಇರಬಹುದು. ರಾಸ್ಪ್‌ಬೆರಿ ಪೈ ಮುಂತಾದ ಬೋರ್ಡುಗಳ ಪಿನ್ನುಗಳು 3.3 ವೋಲ್ಟಿನವು. ನೇರವಾಗಿ ಜೋಡಿಸಿದರೆ ಪಿನ್ ಸುಟ್ಟುಹೋಗುತ್ತದೆ. 3.3 ವೋಲ್ಟಿನ ಯುಎಸ್‌ಬಿ ಕೇಬಲ್ಲನ್ನೇ ಬಳಸಿ. ಪೈನಲ್ಲಿ 6ನೇ ಪಿನ್ ಗ್ರೌಂಡ್, 8ನೆಯದು ಕಳುಹಿಸುವುದು, 10ನೆಯದು ಸ್ವೀಕರಿಸುವುದು. ಬೋರ್ಡು ಕಳುಹಿಸುವ ಪಿನ್ನು ಕೇಬಲ್ಲಿನ ಸ್ವೀಕರಿಸುವ ತಂತಿಗೆ ಹೋಗಬೇಕು. ಕೇಬಲ್ಲಿನ 5 ವೋಲ್ಟಿನ ತಂತಿಯನ್ನು ಖಾಲಿ ಬಿಟ್ಟು ಟೇಪು ಸುತ್ತಿ; ಅದು ತೂಗಾಡುತ್ತ ಪಕ್ಕದ ಪಿನ್ನಿಗೆ ತಗುಲಿ ನಾನೊಂದು ಬೋರ್ಡನ್ನು ಕಳೆದುಕೊಂಡಿದ್ದೇನೆ.

ಯಂತ್ರ ಸತ್ತ ಮೇಲೆ ಕೊನೆಯ ಸಾಲುಗಳು ಬೇಕು. ಸೀರಿಯಲ್ ಪೋರ್ಟೇ ಇಲ್ಲ.

ಎರಡು ದಾರಿಗಳಿವೆ. ನೆಟ್‌ಕನ್ಸೋಲ್ ಸಂದೇಶಗಳನ್ನು ಯುಡಿಪಿ ಪ್ಯಾಕೆಟ್ಟುಗಳಾಗಿ ಇನ್ನೊಂದು ಯಂತ್ರಕ್ಕೆ, ಸಾಮಾನ್ಯವಾಗಿ 6666ನೇ ಪೋರ್ಟಿಗೆ ಕಳುಹಿಸುತ್ತದೆ. ತಲುಪಿತೆಂಬ ಖಾತರಿ ಇಲ್ಲ, ಗೂಢಲಿಪೀಕರಣವೂ ಇಲ್ಲ. ಆದ್ದರಿಂದ ನಂಬಿಕೆಯ ಜಾಲದೊಳಗೆ ಮಾತ್ರ ಬಳಸಿ. ನೆಟ್‌ವರ್ಕ್ ಡ್ರೈವರನ್ನೇ ಡೀಬಗ್ ಮಾಡುತ್ತಿರುವಾಗ ಇದನ್ನು ನಂಬಿ ಕೂರುವುದು ಕುರುಡನು ಕುರುಡನಿಗೆ ದಾರಿ ತೋರಿಸಿದ ಹಾಗೆ.

ಎರಡನೆಯದು ಪಿಸ್ಟೋರ್. ಅದರ ರ‍್ಯಾಮ್‌ಊಪ್ಸ್ ಎಂಬ ಭಾಗ ಮೆಮೊರಿಯ ಒಂದು ತುಂಡನ್ನು ಮೀಸಲಿಟ್ಟು, ಊಪ್ಸ್ ಅಥವಾ ಪ್ಯಾನಿಕ್ ಆದಾಗ ಲಾಗಿನ ಬಾಲವನ್ನು ಅಲ್ಲಿ ನಕಲಿಸುತ್ತದೆ. ವಿದ್ಯುತ್ ಕಡಿಯದೆ ಮರುಬೂಟ್ ಮಾಡಿದರೆ ಅದು ಸಿಸ್ ಫೈಲ್‌ಸಿಸ್ಟಮಿನ ಪಿಸ್ಟೋರ್ ಫೋಲ್ಡರಿನಲ್ಲಿ ಫೈಲಾಗಿ ಸಿಗುತ್ತದೆ. ದಾಖಲಿಸುವುದನ್ನೂ ತೋರಿಸುವುದನ್ನೂ ಬೇರ್ಪಡಿಸುವ ಮಾತು ಆಗಲೇ ಬಂತಲ್ಲ, ಇದು ಅದರ ತುದಿ: ತೋರಿಸುವ ಕೆಲಸ ಮುಂದಿನ ಜನ್ಮಕ್ಕೆ. ಗಾಬರಿಯಲ್ಲಿ ಪ್ಲಗ್ ಕಿತ್ತರೆ ಮಾತ್ರ ಎಲ್ಲವೂ ಹೋಗುತ್ತದೆ.

ಪ್ರಿಂಟ್‌ಕೆ ಸೇರಿಸಿದ ಕೂಡಲೆ ದೋಷವೇ ಮಾಯವಾಗುತ್ತದೆ. ಹಾಗೇ ಬಿಟ್ಟುಬಿಡಬಹುದೇ?

ಬಿಡಬಾರದು. ಮೇಲೆ ಹೇಳಿದ 7 ಮಿಲಿಸೆಕೆಂಡ್ ಇಲ್ಲಿ ಔಷಧದಂತೆ ಕೆಲಸ ಮಾಡಿದೆ, ಅಷ್ಟೇ. ನಾನು ಹಿಂದೆ ಇದ್ದ ತಂಡದಲ್ಲಿ ಒಂದು ಸಾಧನವನ್ನು ರೀಸೆಟ್ ಮಾಡಿದ ಬಳಿಕ ಅದು ಸಿದ್ಧವಾಗುವ ತನಕ ಕಾಯುವ ಸಾಲನ್ನು ಬರೆಯಲು ಮರೆತಿದ್ದೆವು. ರೀಸೆಟ್ ಆಯಿತೆಂದು ತಿಳಿಸುವ 6ನೇ ಮಟ್ಟದ ಒಂದು ಸಂದೇಶ ಸೀರಿಯಲ್ ತಂತಿಯಲ್ಲಿ ಹೋಗುವಷ್ಟು ಹೊತ್ತೇ ಆ ಕಾಯುವಿಕೆಯಾಗಿ ಒದಗುತ್ತಿತ್ತು. ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಯಾವ ತೊಂದರೆಯೂ ಇರಲಿಲ್ಲ. ಗ್ರಾಹಕರಿಗೆ ಕೊಡುವ ಇಮೇಜಿನಲ್ಲಿ ಬೂಟ್ ಬೇಗ ಆಗಲೆಂದು ಯಾರೋ ಕ್ವಯಟ್ ಸೇರಿಸಿದರು. ಸಂದೇಶ ತಂತಿಗೆ ಹೋಗುವುದು ನಿಂತಿತು, ಮೊದಲ ವಾರದಲ್ಲೇ ಸಾಧನ ಸಿಗುತ್ತಿಲ್ಲವೆಂಬ ದೂರುಗಳು ಬಂದವು. ಎರಡು ಇಮೇಜುಗಳ ಕೋಡಿನಲ್ಲಿ ಒಂದಕ್ಷರವೂ ವ್ಯತ್ಯಾಸವಿರಲಿಲ್ಲವಾದ್ದರಿಂದ ಬೂಟ್ ಸಾಲನ್ನು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸಮಯಕ್ಕೆ ಸಂಬಂಧಿಸಿದ ದೋಷಕ್ಕೆ ಟ್ರೇಸ್_ಪ್ರಿಂಟ್‌ಕೆ ಸರಿಯಾದ ಸಾಧನ. ಅದು ಪ್ರತಿ ಸಿಪಿಯುವಿನದೇ ಆದ ಟ್ರೇಸ್ ಬಫರಿನಲ್ಲಿ ಬರೆದು ಮುಗಿಸುತ್ತದೆ, ಕನ್ಸೋಲಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಷೆಡ್ಯೂಲರಿನಲ್ಲೂ ಎನ್‌ಎಂಐನಲ್ಲೂ ಬಳಸಬಹುದು. ಬರೆದದ್ದನ್ನು ಟ್ರೇಸಿಂಗ್ ಫೋಲ್ಡರಿನ ಟ್ರೇಸ್ ಫೈಲಿನಲ್ಲಿ ಸಾವಕಾಶವಾಗಿ ಓದಿ. ಯಂತ್ರ ಸಾಯುವುದಾದರೆ ಎಫ್‌ಟ್ರೇಸ್_ಡಂಪ್_ಆನ್_ಊಪ್ಸ್ ಹಾಕಿ. ಇದನ್ನು ಮರೆತು ಒಳಗೇ ಬಿಟ್ಟರೆ, ಇದು ಡೀಬಗ್ ಕರ್ನಲ್, ನಿತ್ಯಬಳಕೆಗೆ ಸುರಕ್ಷಿತವಲ್ಲ ಎಂಬ ದೊಡ್ಡ ಚೌಕಟ್ಟಿನ ಎಚ್ಚರಿಕೆಯನ್ನು ಕರ್ನಲ್ ಬೂಟ್ ವೇಳೆ ತಾನಾಗಿ ಸಾರುತ್ತದೆ.

ಒಂದೇ ಸಂದೇಶ ಸಾವಿರಾರು ಬಾರಿ ಬಂದು ಲಾಗ್ ಮುಳುಗಿಹೋಗುತ್ತಿದೆ.

ಪ್ರಿಂಟ್‌ಕೆ_ರೇಟ್‌ಲಿಮಿಟೆಡ್ ಬಳಸಿ. ಅದು ಪೂರ್ವನಿಯೋಜಿತವಾಗಿ 5 ಸೆಕೆಂಡಿಗೆ 10 ಸಂದೇಶಗಳನ್ನು ಮಾತ್ರ ಬಿಟ್ಟು, ಎಷ್ಟನ್ನು ತಡೆದೆನೆಂದು ನಂತರ ತಿಳಿಸುತ್ತದೆ. ಒಮ್ಮೆ ಕಂಡರೆ ಸಾಕೆನ್ನುವಲ್ಲಿ ಹೆಸರಿನ ಕೊನೆಯಲ್ಲಿ ಒನ್ಸ್ ಇರುವ ರೂಪ. ಹೊರಗಿನಿಂದ ಬರುವ ಪ್ಯಾಕೆಟ್ಟಿನಿಂದಲೋ ಸಾಮಾನ್ಯ ಬಳಕೆದಾರರ ಸಿಸ್ಟಮ್ ಕಾಲಿನಿಂದಲೋ ಹುಟ್ಟುವ ಸಂದೇಶಕ್ಕೆ ಮಿತಿ ಹಾಕದಿದ್ದರೆ, ನಿಮ್ಮ ಯಂತ್ರವನ್ನು ದೂರದಿಂದಲೇ ನಿಧಾನಗೊಳಿಸುವ ದಾರಿಯನ್ನು ನೀವೇ ತೆರೆದುಕೊಟ್ಟಂತೆ.

ಸಂದೇಶದಲ್ಲಿ ಏನನ್ನು ಬರೆಯಬಾರದು?

ಕರ್ನಲ್ಲಿನ ವಿಳಾಸಗಳನ್ನು ಬಹಿರಂಗಪಡಿಸಿದರೆ ದಾಳಿಕೋರರಿಗೆ ಒಳಗಿನ ನಕ್ಷೆಯೇ ಸಿಕ್ಕಂತಾಗುತ್ತದೆ. ಅದಕ್ಕಾಗಿ 4.15 ಆವೃತ್ತಿಯಿಂದ %ಪಿ ಎಂದು ಬರೆದರೆ ನಿಜವಾದ ವಿಳಾಸದ ಬದಲು ಅದರ ಹ್ಯಾಷ್ ಮುದ್ರಣವಾಗುತ್ತದೆ. ಒಂದೇ ಬೂಟಿನಲ್ಲಿ ಒಂದು ವಿಳಾಸಕ್ಕೆ ಒಂದೇ ಹ್ಯಾಷ್ ಬರುವುದರಿಂದ ಹೋಲಿಸಿ ನೋಡಲು ಇಷ್ಟೇ ಸಾಕು. %ಪಿಎಕ್ಸ್ ನಿಜ ವಿಳಾಸ ಕೊಡುತ್ತದೆ. ಮೇಜಿನ ಮೇಲಿನ ಬೋರ್ಡಿಗಷ್ಟೇ ಅದು. ಫಂಕ್ಷನಿನ ಹೆಸರು ಬೇಕಿದ್ದರೆ %ಪಿಎಸ್, ಇಲ್ಲಿ ಎಸ್ ದೊಡ್ಡಕ್ಷರ.

ಬಳಕೆದಾರರಿಂದ ಬಂದ ಪಠ್ಯವನ್ನು ಪ್ರಿಂಟ್‌ಕೆಯ ಮೊದಲ ಆರ್ಗ್ಯುಮೆಂಟಾಗಿ ನೇರವಾಗಿ ಎಂದೂ ಕೊಡಬೇಡಿ, %ಎಸ್ ಮೂಲಕವೇ ಕೊಡಿ. ಆ ಪಠ್ಯದೊಳಗೆ ಶೇಕಡಾ ಚಿಹ್ನೆ ಇದ್ದರೆ ಪ್ರಿಂಟ್‌ಕೆ ಇಲ್ಲದ ಆರ್ಗ್ಯುಮೆಂಟನ್ನು ಹುಡುಕಿಕೊಂಡು ಸ್ಟ್ಯಾಕಿಗೆ ಕೈಹಾಕುತ್ತದೆ. ಗುಪ್ತಪದ, ಕೀಲಿ, ನೆಟ್‌ವರ್ಕ್ ಬಫರಿನ ಒಳಗಿರುವುದು, ಇವು ಡೀಬಗ್ ಹೊತ್ತಿನಲ್ಲೂ ಲಾಗಿಗೆ ಹೋಗಬಾರದು. ಲಾಗುಗಳನ್ನು ಜನ ಹಿಂದುಮುಂದು ನೋಡದೆ ದೋಷವರದಿಗೆ ಅಂಟಿಸುತ್ತಾರೆ.

ದಶಾಂಶ ಸಂಖ್ಯೆಗೆ ಬಳಸುವ %ಎಫ್ ಕರ್ನಲ್ಲಿನಲ್ಲಿ ಇಲ್ಲ.

ಕೆಲಸ ಮುಗಿದ ಮೇಲೆ ಈ ಸಾಲುಗಳನ್ನು ಏನು ಮಾಡಬೇಕು?

ಬಹುಪಾಲನ್ನು ಅಳಿಸಿ. ಮುಂದೆಯೂ ಬೇಕಾಗಬಹುದಾದವನ್ನು ಪಿಆರ್_ಡೀಬಗ್ ಅಥವಾ ಡೆವ್_ಡಿಬಿಜಿ ರೂಪಕ್ಕೆ ಬದಲಿಸಿ. ಡೈನಮಿಕ್ ಡೀಬಗ್ ಸೌಲಭ್ಯವಿರುವ ಕರ್ನಲ್ಲಿನಲ್ಲಿ ಇವು ಸುಮ್ಮನೆ ಮಲಗಿದ್ದು, ಫೈಲ್, ಫಂಕ್ಷನ್ ಅಥವಾ ಸಾಲಿನ ಸಂಖ್ಯೆ ಹೇಳಿ ಕಂಟ್ರೋಲ್ ಫೈಲಿಗೆ ಬರೆದಾಗ ಮಾತ್ರ ಏಳುತ್ತವೆ, ಮರುಕಂಪೈಲ್ ಬೇಡ. ಎದ್ದ ಮೇಲೂ ಇವುಗಳ ಮಟ್ಟ 7 ಆದ್ದರಿಂದ ಡಿಮೆಸೇಜಿನಲ್ಲಿ ಕಾಣುತ್ತವೆ, ಸಾಮಾನ್ಯ ಮಟ್ಟದ ಕನ್ಸೋಲಿನಲ್ಲಿ ಕಾಣುವುದಿಲ್ಲ.

ಪ್ಯಾಚ್ ಕಳುಹಿಸುವ ಮೊದಲು ಒಮ್ಮೆ ಕ್ವಯಟ್ ಹಾಕಿ, ಇನ್ನೊಮ್ಮೆ ಇಗ್ನೋರ್_ಲಾಗ್‌ಲೆವೆಲ್ ಹಾಕಿ, 115200ರ ನಿಜವಾದ ಸೀರಿಯಲ್ ತಂತಿಯೊಂದಿಗೆ ಬೂಟ್ ಮಾಡಿ ನೋಡಿ. ಎರಡರಲ್ಲೂ ಯಂತ್ರ ಒಂದೇ ರೀತಿ ನಡೆದುಕೊಂಡರೆ ಕಳುಹಿಸಿ. ನಡೆದುಕೊಳ್ಳದಿದ್ದರೆ ಎಲ್ಲೋ ಒಂದು ಕಡೆ ಕಾಯುವ ಸಾಲು ಇನ್ನೂ ಬಾಕಿ ಇದೆ.